ಮನೆ, ಕೈತೋಟಕ್ಕೆ ಹಾಸನದ ಸುತ್ತ ಎಲ್ಲಿ ಏನು ನೋಡಬೇಕು: ತೋಟದ ಬಂಗಲೆಯೋ, ಬೇಲೂರೋ, ನರ್ಸರಿಯೋ, ಶೋರೂಮೋ?

ಹಾಸನದಲ್ಲಿ ಮನೆ ಕಟ್ಟಿಸುವವರು, ಹಳೇ ಮನೆಗೆ ಹೊಸ ರೂಪ ಕೊಡಲು ಹೊರಟವರು ಮೊದಲು ಫೋನಿನಲ್ಲಿ ಚಿತ್ರ ಹುಡುಕುತ್ತಾರೆ. ಆಮೇಲೆ ಒಂದು ಭಾನುವಾರ ಬೆಂಗಳೂರಿಗೆ ಹೋಗಿ ದೊಡ್ಡ ಅಂಗಡಿ ಸುತ್ತಿ ಬರುತ್ತಾರೆ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಊರಿನಿಂದ 60 ಕಿಲೋಮೀಟರ್ ಒಳಗೇ ನೋಡುವಂಥದ್ದು ಇಷ್ಟೊಂದು ಇರುವಾಗ ಬೇರೆಲ್ಲೋ ಶುರು ಮಾಡುವುದು ಯಾಕೆ? ಕಾಫಿ ತೋಟದ ಹಳೇ ಬಂಗಲೆಗಳಿವೆ, ಬೇಲೂರು ಹಳೇಬೀಡು ಇವೆ, ತೋಟಗಾರಿಕೆ ಇಲಾಖೆಯ ನರ್ಸರಿಗಳಿವೆ, ರಸ್ತೆ ಬದಿಯ ನರ್ಸರಿಗಳಿವೆ, ಪಟ್ಟಣದ ಫರ್ನಿಚರ್ ಶೋರೂಮ್‌ಗಳಿವೆ, ಕೈಯಲ್ಲಿ ಒಳ್ಳೆ ಮರಗೆಲಸ ಇರುವ ಆಚಾರ್ರು ಇದ್ದಾರೆ. ಎಲ್ಲವನ್ನೂ ಒಂದೇ ಸಲ ನೋಡಲು ಹೋದರೆ ತಲೆ ಗೊಂದಲ. ಯಾರಿಗೆ ಯಾವುದು ಹೊಂದುತ್ತದೆ, ಯಾವುದರಿಂದ ಏನು ತೆಗೆದುಕೊಳ್ಳಬೇಕು, ಏನು ಬಿಡಬೇಕು ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ನಿಮ್ಮ ಮನೆಯ ಮಳೆ ನೋಡಿ

ಬಣ್ಣ, ಪರದೆ, ಸೋಫಾ ಎಲ್ಲಾ ಆಮೇಲೆ. ನಿಮ್ಮ ಮನೆ ಮೇಲೆ ಎಷ್ಟು ಮಳೆ ಬೀಳುತ್ತದೆ ಅನ್ನುವುದೇ ಮೊದಲ ಪ್ರಶ್ನೆ.

ಹಾಸನ ಹೆಸರಿಗೆ ಒಂದೇ ಜಿಲ್ಲೆ. ಅರಸೀಕೆರೆ ಕಡೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ, ಸಕಲೇಶಪುರದಲ್ಲಿ 2000 ದಾಟುತ್ತದೆ. ಹಾಸನ ಪಟ್ಟಣ ಇವೆರಡರ ನಡುವೆ ಇದೆ. ಇಲ್ಲಿಂದ ಪಶ್ಚಿಮಕ್ಕೆ 40 ಕಿಲೋಮೀಟರ್ ಹೋದರೆ ಗೋಡೆಗೆ ಪಾಚಿ ಕಟ್ಟುವ ಊರು, ಪೂರ್ವಕ್ಕೆ ಹೋದರೆ ಗಿಡಕ್ಕೆ ದಿನಾ ನೀರು ಹಾಕಬೇಕಾದ ಊರು. ಚಿಕ್ಕಮಗಳೂರು ಜಿಲ್ಲೆಯದೂ ಇದೇ ಕತೆ. ಕಡೂರು ಒಣ ಬಯಲು, ಮೂಡಿಗೆರೆ ಮಳೆಯ ಮಡಿಲು. ಹಾಗಿರುವಾಗ ಸಕಲೇಶಪುರದ ಮನೆಯಲ್ಲಿ ಚೆಂದ ಕಂಡದ್ದು ಚನ್ನರಾಯಪಟ್ಟಣದ ಮನೆಗೆ ಹೊಂದಲೇಬೇಕು ಅಂತೇನಿಲ್ಲ, ಬೆಂಗಳೂರಿನದಂತೂ ದೂರದ ಮಾತು.

ಆದ್ದರಿಂದ ಎಲ್ಲಿಗೆ ಹೋದರೂ ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಳ್ಳಿ. ಇದು ನಮ್ಮ ಮನೆಯಲ್ಲಿ ಆಷಾಢ ದಾಟುತ್ತದಾ? ಬಯಲು ಕಡೆಯವರಾದರೆ, ಏಪ್ರಿಲ್ ಬಿಸಿಲು ತಡೆಯುತ್ತದಾ? ಎಷ್ಟೋ ದುಡ್ಡು ಇಲ್ಲೇ ಉಳಿಯುತ್ತದೆ.

ತೋಟದ ಹಳೇ ಬಂಗಲೆಗಳು

ಒಂದೇ ಒಂದು ಜಾಗ ನೋಡಲು ಸಮಯ ಇದೆ ಅಂದರೆ ನಾನು ಇದನ್ನೇ ಹೇಳುತ್ತೇನೆ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಸುತ್ತಮುತ್ತ ಹಳೇ ತೋಟದ ಮನೆಗಳು ಎಷ್ಟೋ ಈಗ ಹೋಂಸ್ಟೇ ಆಗಿವೆ. ಒಂದು ರಾತ್ರಿ ಉಳಿದು ಬಂದರೆ ಸಾಕು. ಮನೆ ಹೇಗೆ ಉಸಿರಾಡುತ್ತದೆ ಅನ್ನುವುದು ಕಾಣಿಸುತ್ತದೆ.

ಅಲ್ಲಿ ನೋಡಬೇಕಾದ್ದು ಗೋಡೆಗೆ ನೇತುಹಾಕಿದ ಹಳೇ ಫೋಟೋಗಳನ್ನಲ್ಲ. ಮೇಲೆ ನೋಡಿ, ಕೆಳಗೆ ನೋಡಿ. ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಹೆಂಚು ಘಟ್ಟ ಹತ್ತಿ ಮಲೆನಾಡಿಗೆಲ್ಲಾ ಬಂತು. ಮಳೆ ನೀರು ನಿಲ್ಲದೆ ಜಾರಿ ಹೋಗುತ್ತದೆ, ಸಂದಿಯಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತದೆ, ಒಂದು ಒಡೆದರೆ ಒಂದನ್ನೇ ಬದಲಿಸಬಹುದು. ಕೋತಿ ಕಾಟ ಇರುವ ಕಡೆ ಮಾತ್ರ ಹೆಂಚು ನೇರವಾಗಿ ಜಂತೆ ಮೇಲೆ ಕೂರಿಸಿದರೆ ವರ್ಷಾ ವರ್ಷಾ ರಿಪೇರಿ. ಈಗ ಇಳಿಜಾರಾಗಿ ಆರ್‌ಸಿಸಿ ಹಾಕಿ ಅದರ ಮೇಲೆ ಹೆಂಚು ಹೊದಿಸುವವರು ಜಾಸ್ತಿ. ನೋಟ ಉಳಿಯುತ್ತದೆ, ಸೋರುವ ಭಯ ಕಡಿಮೆ. ಆದರೆ ಹೆಂಚಿನ ಸಂದಿಯ ಗಾಳಿ ಹೋಗುತ್ತದೆ, ಅದಕ್ಕೆ ಬೇರೆ ಕಿಂಡಿ ಬಿಡಿಸಬೇಕು.

ಕೆಳಗೆ ಕೆಂಪು ನೆಲ. ರೆಡ್ ಆಕ್ಸೈಡ್ ಅಂತಾರಲ್ಲ, ಅದು. ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಪುಡಿ ಬೆರೆಸಿ ಕರಣೆಯಲ್ಲಿ ತಿಕ್ಕಿ ತಿಕ್ಕಿ ನಯ ಮಾಡುವ ನೆಲ. ಸಂದಿ ಇಲ್ಲ, ಅದಕ್ಕೆ ಕೊಳೆ ಕೂರುವುದಿಲ್ಲ. ಓಡಾಡಿದಷ್ಟೂ ಹೊಳಪು ಏರುತ್ತದೆ. ಇದನ್ನು ನಾನು ಟೈಲ್ಸ್ ಜೊತೆ ಹೋಲಿಸುವುದು ಹೀಗೆ: ಟೈಲ್ಸ್ ಒಂದು ವಾರದ ಕೆಲಸ, ಯಾವ ಮೇಸ್ತ್ರಿಯಾದರೂ ಹಾಕುತ್ತಾರೆ, ಬಿರುಕಿನ ಚಿಂತೆ ಕಡಿಮೆ. ಕೆಂಪು ನೆಲಕ್ಕೆ ಕೈ ಪಳಗಿದ ಮೇಸ್ತ್ರಿಯೇ ಬೇಕು. ಹಾಕಿದ ಮೇಲೆ ನೀರು ನಿಲ್ಲಿಸಿ ಚೆನ್ನಾಗಿ ಕ್ಯೂರಿಂಗ್ ಮಾಡಬೇಕು, ಅವಸರ ಮಾಡಿದರೆ ಬಿರುಕು ಬರುತ್ತದೆ, ಬಂದ ಬಿರುಕಿಗೆ ತೇಪೆ ಹಾಕಿದರೆ ಎದ್ದು ಕಾಣುತ್ತದೆ. ಗೊತ್ತಿರುವ ಮೇಸ್ತ್ರಿ ಸಿಗಲಿಲ್ಲ ಅಂದರೆ ಮನೆ ಪೂರ್ತಿ ಹಾಕಿಸಬೇಡಿ. ಜಗಲಿಗೋ, ದೇವರ ಮನೆಗೋ, ಕಿಟಕಿಯ ಕೂರುವ ಕಟ್ಟೆಗೋ ಹಾಕಿಸಿ. ಅಷ್ಟಕ್ಕೇ ಮನೆಯ ಕಳೆ ಬದಲಾಗುತ್ತದೆ.

ಇನ್ನು ಜಗಲಿ. ಈಗಿನ ಮನೆಗಳಲ್ಲಿ ನಾವು ಕಳೆದುಕೊಂಡ ಜಾಗ ಇದು, ನನಗೆ ನಿಜವಾಗಲೂ ಬೇಜಾರಿನ ವಿಷಯ. 30x40 ಸೈಟಿನಲ್ಲಿ ಕಾರಿಗೆ ಜಾಗ ಬಿಟ್ಟು, ಅದರ ಪಕ್ಕ ನಾಲ್ಕು ಅಡಿ ಅಗಲದ ಕಟ್ಟೆ ಮಾಡಿ, ಮೇಲೆ ಮುಂಚಾಚಿದ ಮಾಡು ಇಳಿಸಿದರೆ ಮಳೆ ನೋಡುತ್ತಾ ಕೂರಲು, ಕೊಡೆ ಒಣಗಲು, ನೆರಳು ಬೇಕಾದ ಗಿಡ ಇಡಲು ಮೂರಕ್ಕೂ ಒಂದೇ ಜಾಗ ಆಗುತ್ತದೆ. ಬಂಗಲೆಯ ಇಡೀ ತೊಟ್ಟಿ, ಪಡಸಾಲೆ ನಮ್ಮ ಸೈಟಿನಲ್ಲಿ ಹಿಡಿಸುವುದಿಲ್ಲ. ಜಗಲಿ ಹಿಡಿಸುತ್ತದೆ.

ಬಂಗಲೆ ನೋಡಲು ಜುಲೈನಲ್ಲಿ ಹೋಗಿ. ಎಲ್ಲರೂ ಡಿಸೆಂಬರ್‌ನಲ್ಲಿ ಹೋಗುತ್ತಾರೆ, ಆಗ ಎಲ್ಲವೂ ಒಣಗಿ ಗರಿಗರಿ ಇರುತ್ತದೆ, ಏನೂ ಗೊತ್ತಾಗುವುದಿಲ್ಲ. ಮಳೆ ಹಿಡಿದು ನಾಲ್ಕು ದಿನ ಆದ ಮೇಲೆ ಹೋದರೆ ಯಾವ ಮರಕ್ಕೆ ಬೂಷ್ಟು ಬಂದಿದೆ, ಯಾವ ಗೋಡೆ ಬೆವರಿದೆ, ಯಾವ ಬಟ್ಟೆಯ ಕುಶನ್ ವಾಸನೆ ಬರುತ್ತಿದೆ, ಯಾವ ಮೂಲೆ ಬೆಚ್ಚಗಿದೆ ಎಲ್ಲಾ ಕಣ್ಣಿಗೆ ಬೀಳುತ್ತದೆ. ಬೆತ್ತದ ಕುರ್ಚಿ, ಕಬ್ಬಿಣದ ಮಂಚ, ಗೋಡೆಯಿಂದ ಒಂದು ಗೇಣು ದೂರ ಇಟ್ಟ ಬೀರು, ಕಾಲಿನ ಕೆಳಗೆ ಕಲ್ಲಿನ ತುಂಡು ಕೊಟ್ಟ ಕಪಾಟು. ಇವೆಲ್ಲಾ ಚೆಂದಕ್ಕೆ ಮಾಡಿದ್ದಲ್ಲ, ಶೀತ ತಡೆಯಲು ಮಾಡಿದ್ದು. ಈಗ ನೋಡಿದರೆ ಅದೇ ಚೆಂದ. ಮನೆಯವರನ್ನು ಕೇಳದೆ ಒಳಗಿನ ಫೋಟೋ ತೆಗೆಯಬೇಡಿ, ಅದು ಅವರ ಮನೆ. ಕೇಳಿದರೆ ಹೆಚ್ಚಿನವರು ತಾವೇ ಕರೆದು ತೋರಿಸುತ್ತಾರೆ.

ಬೇಲೂರು, ಹಳೇಬೀಡು: ವಿನ್ಯಾಸಕ್ಕೆ

ಮನೆ ಅಲಂಕಾರಕ್ಕೂ ದೇವಸ್ಥಾನಕ್ಕೂ ಏನು ಸಂಬಂಧ ಅಂತ ಅನಿಸಬಹುದು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು, ನೋಡಲು ದೇಶ ವಿದೇಶದವರು ಬರುತ್ತಾರೆ. ನಾವು ಅರ್ಧ ಗಂಟೆಯಲ್ಲಿ ದರ್ಶನ ಮುಗಿಸಿ ಹೊರಡುತ್ತೇವೆ. ಒಂದು ಸಲ ಮನೆ ಕಟ್ಟುವವರ ಕಣ್ಣಿನಲ್ಲಿ ನೋಡಿ.

ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದು, ವಿಷ್ಣುವರ್ಧನ ಕಟ್ಟಿಸಿದ್ದು. ಅದರ ಜಾಲಂಧ್ರಗಳನ್ನು ಗಮನಿಸಿ. ಕಲ್ಲಿನಲ್ಲೇ ತೂತು ಕೊರೆದು ಮಾಡಿದ ಪರದೆ ಗೋಡೆ. ಬೆಳಕು ಬರುತ್ತದೆ, ಗಾಳಿ ಬರುತ್ತದೆ, ಹೊರಗಿನವರಿಗೆ ಒಳಗಿನದ್ದು ಕಾಣುವುದಿಲ್ಲ. ನಮ್ಮ ಮೆಟ್ಟಿಲ ಪಕ್ಕದ ಗೋಡೆಗೆ, ಬಟ್ಟೆ ಒಗೆಯುವ ಜಾಗಕ್ಕೆ, ಬಾಲ್ಕನಿಯ ಬದಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಕಲ್ಲೇ ಆಗಬೇಕಿಲ್ಲ. ಮಣ್ಣಿನ ಜಾಲಿ ಇಟ್ಟಿಗೆ, ಸಿಮೆಂಟ್ ಜಾಲಿ ಎರಡೂ ಸಿಗುತ್ತವೆ. ಮಳೆ ಹೊಡೆಯುವ ದಿಕ್ಕಿಗೆ ಮಾತ್ರ ಬೇಡ. ನಮ್ಮಲ್ಲಿ ಜೋರು ಮಳೆ ನೈಋತ್ಯದಿಂದ, ಪಶ್ಚಿಮದಿಂದ ಬೀಸುತ್ತದೆ. ಪೂರ್ವಕ್ಕೋ ಉತ್ತರಕ್ಕೋ ಇಡಿ.

ಇನ್ನೊಂದು ಪಾಠ ಅಲ್ಲಿನ ಜಗತಿಯದು, ಅಂದರೆ ದೇವಸ್ಥಾನ ನಿಂತಿರುವ ಎತ್ತರದ ಕಲ್ಲಿನ ಕಟ್ಟೆಯದು. ಗೋಡೆ ತುಂಬಾ ಕೆತ್ತನೆ, ಆನೆ ಸಾಲು, ಬಳ್ಳಿ ಸಾಲು, ಮದನಿಕೆಯರು. ಆದರೆ ಅಷ್ಟೂ ಕೆತ್ತನೆ ಕೂತಿರುವುದು ಅಗಲವಾದ ಬೋಳು ಜಗತಿಯ ಮೇಲೆ, ಸುತ್ತ ಖಾಲಿ ಅಂಗಳ. ಖಾಲಿ ಜಾಗ ಇಲ್ಲದಿದ್ದರೆ ಕೆತ್ತನೆ ಕಾಣುತ್ತಲೇ ಇರಲಿಲ್ಲ. ಹಾಲ್‌ನಲ್ಲಿ ಒಂದು ಗೋಡೆಗೆ ಕಲ್ಲಿನ ಹೊದಿಕೆ, ಇನ್ನೊಂದಕ್ಕೆ ವಾಲ್‌ಪೇಪರ್, ಮೇಲೆ ಬಣ್ಣದ ದೀಪ, ಮೂಲೆಯಲ್ಲಿ ನೀರಿನ ಬುಗ್ಗೆ ಎಲ್ಲಾ ಮಾಡಿಸುವವರು ಇದೊಂದನ್ನು ನೋಡಿ ಬರಬೇಕು. ಒಂದು ಕಡೆ ತುಂಬಿಸಿ, ಮೂರು ಕಡೆ ಬಿಡಿ.

ಹಳೇಬೀಡಿಗೆ ಹೋದರೆ ಹೊಯ್ಸಳೇಶ್ವರ ನೋಡಿ ವಾಪಸ್ ಬರಬೇಡಿ. ಹತ್ತಿರದಲ್ಲೇ ಬಸದಿಹಳ್ಳಿ ಇದೆ. ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಷ್ಟು ನುಣುಪು, ಮುಖ ಕಾಣುತ್ತದೆ. ಬೆಳವಾಡಿಯ ವೀರನಾರಾಯಣ ದೇವಸ್ಥಾನದಲ್ಲೂ ಅಷ್ಟೇ, ತಿರುಗಣೆಯಲ್ಲಿ ತಿರುವಿದಂಥ ಕಂಬಗಳು ಸಾಲಾಗಿ ನಿಂತಿವೆ. ಮರದ ಕಂಬ, ಮೆಟ್ಟಿಲ ಕಟಕಟೆ ಮಾಡಿಸುವವರು ಆಚಾರ್ರಿಗೆ ತೋರಿಸಲು ಇಲ್ಲಿಂದಲೇ ಫೋಟೋ ತೆಗೆದುಕೊಳ್ಳಬಹುದು. ಹಳೇಬೀಡಿನ ಪಕ್ಕದ ಹುಲಿಕೆರೆಯ ಕಲ್ಯಾಣಿಯನ್ನಂತೂ ಬಿಡಬೇಡಿ. ಮೆಟ್ಟಿಲು ಇಳಿಯುತ್ತಾ ಹೋದಂತೆ ಸುತ್ತ ಪುಟ್ಟ ಪುಟ್ಟ ಗುಡಿಗಳು. ಮನೆ ಹಿಂದೆ ಚಿಕ್ಕ ತಾವರೆ ಕೊಳ ಮಾಡುವ ಆಸೆ ಇರುವವರಿಗೆ ನೀರಿನ ಸುತ್ತ ಮೆಟ್ಟಿಲು, ಮೆಟ್ಟಿಲಲ್ಲಿ ದೀಪ ಇಡುವ ಗೂಡು ಹೇಗೆ ಕೂರಿಸಬಹುದು ಅನ್ನುವುದು ತಾನಾಗಿ ಹೊಳೆಯುತ್ತದೆ.

ಇಲ್ಲಿಂದ ಕೊಳ್ಳುವುದು ಏನು? ಬಳಪದ ಕಲ್ಲಿನ ಚಿಕ್ಕ ಕೆತ್ತನೆಗಳು ದೇವಸ್ಥಾನದ ಹೊರಗೆ ಮಾರಾಟಕ್ಕಿರುತ್ತವೆ. ಈ ಕಲ್ಲು ಮೆತ್ತಗೆ, ಕೆತ್ತಲು ಸುಲಭ, ಗಾಳಿ ಬಿಸಿಲಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಆದರೂ ಗೀರು ಬೀಳುತ್ತದೆ, ಓಡಾಡುವ ಜಾಗದಲ್ಲಿ, ಮಕ್ಕಳ ಕೈಗೆ ಸಿಗುವಲ್ಲಿ ಇಡಬಾರದು. ನನ್ನ ಮಟ್ಟಿಗೆ ಕೈತೋಟಕ್ಕೆ ಆನೆ, ಹಂಸ, ದೀಪದ ಕಂಬ ಒಪ್ಪುತ್ತವೆ. ದೇವರ ಮೂರ್ತಿ ಪೂಜೆ ಇಲ್ಲದೆ ಮಳೆಯಲ್ಲಿ ನಿಂತಿರುವುದು ಮನಸ್ಸಿಗೆ ಹಿತ ಅನಿಸುವುದಿಲ್ಲ.

ಒಂದು ಎಚ್ಚರ. ಹಳ್ಳಿಗಳಲ್ಲಿ ಯಾರಾದರೂ ಹಳೇ ವೀರಗಲ್ಲು, ಮುರಿದ ವಿಗ್ರಹ, ಕೆತ್ತನೆಯ ಕಂಬ ಕೊಡುತ್ತೇವೆ ಅಂದರೆ ಮುಟ್ಟಬೇಡಿ. 100 ವರ್ಷ ದಾಟಿದ ಇಂಥವು 1972ರ ಪುರಾವಸ್ತು ಕಾಯ್ದೆಯ ಒಳಗೆ ಬರುತ್ತವೆ. ಕಾಯ್ದೆ ಬಿಡಿ, ಅದು ಆ ಊರಿನದು. ಊರಲ್ಲೇ ಇರಲಿ.

ಶೋರೂಮು, ಆಚಾರ್ರು, ಹಳೇ ಸಾಮಾನು

ಮರದ ಸಾಮಾನಿನ ವಿಷಯಕ್ಕೆ ಬಂದರೆ ಮೂರು ದಾರಿ. ಶೋರೂಮಿನಲ್ಲಿ ಸಿದ್ಧ ವಸ್ತು ಕೊಳ್ಳುವುದು, ಆಚಾರ್ರ ಹತ್ತಿರ ಮಾಡಿಸುವುದು, ಹಳೇದನ್ನು ಹುಡುಕಿ ಪಾಲಿಶ್ ಮಾಡಿಸುವುದು.

ಶೋರೂಮಿನ ಅನುಕೂಲ ಗೊತ್ತೇ ಇದೆ. ಕೂತು ನೋಡಬಹುದು, ಇವತ್ತು ಹೇಳಿದರೆ ನಾಳೆ ಮನೆಗೆ ಬರುತ್ತದೆ, ಕಂತಿನಲ್ಲಿ ಕಟ್ಟಬಹುದು. ತೊಂದರೆ ಒಳಗಿರುತ್ತದೆ. ಕಡಿಮೆ ಬೆಲೆಯ ಬೀರು, ಟಿವಿ ಸ್ಟ್ಯಾಂಡ್, ಮಂಚದಲ್ಲಿ ಹೆಚ್ಚಿನವು ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್, ಅಂದರೆ ಮರದ ಚೂರು, ನಾರನ್ನು ಅಂಟು ಹಾಕಿ ಒತ್ತಿದ ಹಲಗೆ. ಒಣ ಊರಿನಲ್ಲಿ ಹೇಗೋ ನಡೆಯುತ್ತದೆ. ಮಲೆನಾಡಿನ ಕಡೆ ಎರಡು ಮಳೆಗಾಲಕ್ಕೆ ಅಂಚು ಊದಿಕೊಂಡು ಲ್ಯಾಮಿನೇಟ್ ಏಳಬಹುದು. ಪ್ಲೈವುಡ್ ಆದರೂ ಸುಮ್ನೆ ನಂಬಬೇಡಿ, ಅದರ ಮೇಲಿನ ಮುದ್ರೆ ಓದಿ. ಐಎಸ್ ಅಂದರೆ ಭಾರತೀಯ ಮಾನಕದ ಸಂಖ್ಯೆ. ಐಎಸ್ 303 ಗುಂಪಿನಲ್ಲಿ ಎಂಆರ್ ಅಂದರೆ ಸಾಮಾನ್ಯ ತೇವ ತಡೆಯುವಂಥದ್ದು, ಬಿಡಬ್ಲ್ಯುಆರ್ ಅದಕ್ಕಿಂತ ಗಟ್ಟಿ. ಐಎಸ್ 710 ಅಂತ ಇದ್ದರೆ ಬಿಡಬ್ಲ್ಯುಪಿ, ನೀರಿನ ಜಾಗಕ್ಕೆ ಬೇಕಾದದ್ದು. ಹಾಸನ ಪಟ್ಟಣದ ಹಾಲ್‌ಗೆ ಬಿಡಬ್ಲ್ಯುಆರ್ ಸಾಕು. ಅಡುಗೆ ಮನೆ ಸಿಂಕ್ ಕೆಳಗೆ, ಸಕಲೇಶಪುರ ಮೂಡಿಗೆರೆ ಕಡೆಯ ಮನೆಗೆ 710 ಹಾಕಿಸಿ. ಆ ಕಡೆ ಜಿಪ್ಸಮ್ ಫಾಲ್ಸ್ ಸೀಲಿಂಗ್, ವಾಲ್‌ಪೇಪರ್ ಎರಡನ್ನೂ ನಾನು ಬೇಡ ಅನ್ನುತ್ತೇನೆ.

ಆಚಾರ್ರ ಹತ್ತಿರ ಮಾಡಿಸುವುದು ನಿಧಾನ. ಹೇಳಿದ ದಿನಕ್ಕೆ ಮುಗಿಯುವುದು ಕಷ್ಟ, ಮದುವೆ ಸೀಸನ್ ಆದರೆ ಇನ್ನೂ ತಡ. ಆದರೆ ನಮ್ಮ ಸೀಮೆಯಲ್ಲಿ ಮರಕ್ಕೆ ಕೊರತೆ ಇಲ್ಲ. ಕಾಫಿ ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಬೆಲೆಗೆ ಕಡಿಮೆ, ನೋಡಲು ತಿಳಿ ಬಣ್ಣ, ಗೆರೆ ಚೆನ್ನಾಗಿರುತ್ತದೆ. ಈಗಿನವರು ಇಷ್ಟಪಡುವ ತಿಳಿ ಮರದ ನೋಟ ಇದರಲ್ಲಿ ಸುಲಭವಾಗಿ ಬರುತ್ತದೆ. ಚೆನ್ನಾಗಿ ಒಣಗಿಸಿ, ಹುಳ ಹಿಡಿಯದಂತೆ ಔಷಧಿ ಹೊಡೆಸಿದರೆ ಮಾತ್ರ. ಹಸಿ ಮರದಲ್ಲಿ ಮಾಡಿಸಿದರೆ ಬಾಗುತ್ತದೆ, ಸಂದಿ ಬಿಡುತ್ತದೆ. ಹಲಸಿನ ಮರ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ಮೊದಲು ಹಳದಿ ಇರುತ್ತದೆ, ವರ್ಷ ಕಳೆದಂತೆ ಜೇನು ಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಊಟದ ಮೇಜಿಗೆ, ಮಣೆಗೆ, ದೇವರ ಮಂಟಪಕ್ಕೆ ನಾನಂತೂ ಹಲಸನ್ನೇ ಹೇಳುತ್ತೇನೆ. ತೇಗ ಗೊತ್ತಿರುವುದೇ, ದುಡ್ಡಿದ್ದರೆ ಬಾಗಿಲು ಕಿಟಕಿಗೆ ಹಾಕಿಸಿ. ಬೀಟೆ ಮಾತ್ರ ಬಹಳ ಹುಷಾರು. ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬಿಲ್ಲು, ಪರ್ಮಿಟ್ಟು ಇಲ್ಲದ ಬೀಟೆ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ.

ಕಾಫಿ ಬೊಡ್ಡೆಯ ಟೀಪಾಯಿ ಈಗ ಎಲ್ಲರ ಕಣ್ಣಿಗೂ ಬಿದ್ದಿದೆ. ಹಳೇ ಕಾಫಿ ಗಿಡದ ಬೇರು ಸಮೇತ ಬುಡ ಕಿತ್ತು, ಸಿಪ್ಪೆ ತೆಗೆದು, ಪಾಲಿಶ್ ಮಾಡಿ, ಮೇಲೆ ಗಾಜು ಕೂರಿಸಿದ್ದು. ಬಹಳ ಚೆಂದ, ನಮ್ಮ ಜಾಗದ ಗುರುತು ಅದರಲ್ಲಿದೆ. ಕೊಳ್ಳುವಾಗ ರೋಬಸ್ಟಾನೋ ಅರೇಬಿಕಾನೋ ಕೇಳಿ. ಅರೇಬಿಕಾ ಗಿಡ ಕಿತ್ತಿರುವುದು ಬಹಳ ಸಲ ಬಿಳಿ ಕಾಂಡಕೊರಕ ಹುಳ ಹತ್ತಿದ್ದಕ್ಕೆ. ಹುಳ ಹತ್ತಿದ ಗಿಡವನ್ನು ಸುಡಬೇಕು, ಟೀಪಾಯಿ ಮಾಡಬಾರದು. ರೋಬಸ್ಟಾ ಬೊಡ್ಡೆಗೆ ಆ ಹುಳದ ಕಾಟ ಕಡಿಮೆ, ಬುಡವೂ ದಪ್ಪ. ಯಾವುದೇ ಇರಲಿ, ತಿರುಗಿಸಿ ನೋಡಿ. ಸಣ್ಣ ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಬಿಟ್ಟುಬಿಡಿ.

ಹಳೇ ಸಾಮಾನು ಅಂದರೆ ಹಳೇ ಮನೆ ಕೆಡವುವಾಗ ಸಿಗುವ ಬಾಗಿಲು, ಕಂಬ, ಕಿಟಕಿ. ಇವನ್ನು ಮಾರುವವರು ಎರಡೂ ಜಿಲ್ಲೆಯಲ್ಲಿ ಇದ್ದಾರೆ. ಮರ ಒಣಗಿ ಹದ ಆಗಿರುತ್ತದೆ, ಇನ್ನು ಬಾಗುವುದಿಲ್ಲ. ಆದರೆ ಅಳತೆ ನಿಮ್ಮ ಮನೆಗೆ ಹೊಂದಬೇಕಲ್ಲ? ಹಳೇ ಬಾಗಿಲು ಗಿಡ್ಡ, ದಪ್ಪ. ಮನೆ ಪ್ಲಾನ್ ಮಾಡುವ ಮೊದಲೇ ಬಾಗಿಲು ಕೊಂಡು ಇಟ್ಟುಕೊಂಡು, ಅದರ ಅಳತೆಗೆ ಗೋಡೆ ಬಿಡಿಸುವುದು ಸರಿಯಾದ ಕ್ರಮ. ಮನೆ ಮುಗಿದ ಮೇಲೆ ಹುಡುಕಿದರೆ ಅದು ಗೋಡೆಗೆ ಒರಗಿಸಿಟ್ಟ ಅಲಂಕಾರ ಆಗುತ್ತದೆ, ಅಷ್ಟೇ.

ಮೂರರಲ್ಲಿ ಯಾವುದು? ಮಂಚ, ಸೋಫಾ, ಹಾಸಿಗೆ ಶೋರೂಮಿನಲ್ಲಿ ನೋಡಿ ಅಳತೆ ತೆಗೆದುಕೊಳ್ಳಿ. ಮಾಡಿಸುವುದನ್ನು ಆಚಾರ್ರ ಹತ್ತಿರ ಮಾಡಿಸಿ. ಅವಸರ ಇರುವವರು, ಊರಿನಿಂದ ಊರಿಗೆ ವರ್ಗ ಆಗುವ ಕೆಲಸದವರು ಮಾತ್ರ ಸಿದ್ಧ ವಸ್ತು ಕೊಳ್ಳಿ, ಅದರಲ್ಲೂ ಬಿಚ್ಚಿ ಜೋಡಿಸುವಂಥದ್ದು.

ಗಿಡ ಎಲ್ಲಿಂದ ತರಬೇಕು?

ನಾನು ಹೆಚ್ಚು ಮಾತಾಡಬೇಕು ಅಂತ ಅಂದುಕೊಂಡದ್ದು ಈ ವಿಷಯದ ಬಗ್ಗೆ. ಮನೆಗೆ ಸುರಿದ ದುಡ್ಡು ಮನೆಯಲ್ಲೇ ಇರುತ್ತದೆ, ಕೈತೋಟಕ್ಕೆ ಹಾಕಿದ್ದು ಮೊದಲ ಮಳೆಗೇ ಕೊಚ್ಚಿ ಹೋಗುವುದನ್ನು ಸುತ್ತಮುತ್ತ ಬಹಳ ನೋಡುತ್ತೇನೆ.

ಖಾಸಗಿ ನರ್ಸರಿಗೆ ಹೋದರೆ ಕಣ್ಣು ತುಂಬುತ್ತದೆ. ಎಲ್ಲಾ ಗಿಡದಲ್ಲೂ ಹೂ ಇರುತ್ತದೆ. ಅದರಲ್ಲಿ ಎಷ್ಟೋ ಗಿಡ ಹೊರ ಊರಿನಿಂದ ಲಾರಿಯಲ್ಲಿ ಬಂದದ್ದು. ಆಂಧ್ರದ ಕಡಿಯಂ ದೇಶಕ್ಕೆಲ್ಲಾ ಗಿಡ ಕಳಿಸುವ ಊರು, ಅಲ್ಲಿನ ಬಿಸಿಲಲ್ಲಿ ಬೆಳೆದ ಗಿಡ ನಮ್ಮ ಚಳಿಗೆ, ಮಳೆಗೆ ಒಗ್ಗಲು ಸಮಯ ಬೇಕು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೆಲೆ ಎಷ್ಟು ಅಂತ ಅಲ್ಲ. ಈ ಗಿಡ ನಿಮ್ಮ ಹತ್ತಿರ ಬಂದು ಎಷ್ಟು ದಿನ ಆಯ್ತು ಅಂತ ಕೇಳಿ. ಒಂದು ಮಳೆಗಾಲ ಇಲ್ಲೇ ಕಳೆದ ಗಿಡ ಸ್ವಲ್ಪ ಸೊರಗಿದ್ದರೂ ಅದನ್ನೇ ತನ್ನಿ. ಬೇರು ಜಿಗಟು ಮಣ್ಣಿನ ಉಂಡೆಯಲ್ಲಿ ಕಟ್ಟಿಕೊಂಡಿದ್ದರೆ ನೆಡುವಾಗ ಆ ಮಣ್ಣನ್ನು ಮೆಲ್ಲಗೆ ಸಡಿಲಿಸಿ, ಇಲ್ಲದಿದ್ದರೆ ಬೇರು ಆ ಉಂಡೆಯೊಳಗೇ ಸುತ್ತುತ್ತಾ ಇರುತ್ತದೆ.

ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲಿ ಆಯ್ಕೆ ಕಡಿಮೆ. ಮಾವು, ಸಪೋಟ, ತೆಂಗು, ಅಡಿಕೆ, ಮೆಣಸಿನ ಬಳ್ಳಿ ಇಂಥವೇ ಮುಖ್ಯ, ಅಲಂಕಾರದ ಗಿಡ ಸ್ವಲ್ಪ. ಬೆಲೆ ಇಲಾಖೆ ಗೊತ್ತುಮಾಡಿದ್ದು, ಚೌಕಾಸಿ ಇಲ್ಲ. ಹಿತ್ತಲಲ್ಲಿ ಒಂದು ಹಣ್ಣಿನ ಮರ ಬೇಕು, ಜಾತಿ ಖಚಿತವಾಗಿ ಗೊತ್ತಿರಬೇಕು ಅನ್ನುವವರು ಇಲ್ಲಿಗೇ ಹೋಗಬೇಕು. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜೇ ಇದೆ. ಆ ಭಾಗದ ಮಣ್ಣು, ಮಳೆಗೆ ಏನು ಬರುತ್ತದೆ ಅಂತ ಅಲ್ಲಿ ಕೇಳಿದರೆ ಅನುಭವದ ಉತ್ತರ ಸಿಗುತ್ತದೆ.

ಮೂರನೆಯದು ನೆರೆಹೊರೆ. ಮಲೆನಾಡಿನ ಅಂಗಳಗಳು ಚೆಂದ ಇರುವುದು ನರ್ಸರಿಯಿಂದ ಅಲ್ಲ, ಹೆಂಗಸರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಗೆಡ್ಡೆ, ಕಡ್ಡಿ, ಬೀಜದಿಂದ. ಡೇರೆ ಹೂವನ್ನೇ ನೋಡಿ. ಮಳೆ ಹಿಡಿಯುವ ಹೊತ್ತಿಗೆ ಗೆಡ್ಡೆ ನೆಟ್ಟರೆ ಶ್ರಾವಣ, ಭಾದ್ರಪದದಲ್ಲಿ ಊಟದ ತಟ್ಟೆಯಷ್ಟು ಹೂ. ನೀರು ನಿಲ್ಲದಂತೆ ಏರು ಮಾಡಿ, ಗಿಡಕ್ಕೆ ಗೂಟ ಕೊಡಬೇಕು. ಹೂ ಮುಗಿದು ಗಿಡ ಒಣಗಿದ ಮೇಲೆ ಗೆಡ್ಡೆ ಕಿತ್ತು ಒಣ ಮಣ್ಣಿನಲ್ಲಿಟ್ಟರೆ ಮುಂದಿನ ವರ್ಷಕ್ಕೆ ಆಯ್ತು, ಮಿಕ್ಕದ್ದು ಪಕ್ಕದ ಮನೆಗೆ. ಕಾಶಿತುಂಬೆ, ಜೀನಿಯಾ, ಬಿಗೋನಿಯಾ, ಸೇವಂತಿಗೆ ಎಲ್ಲವೂ ಹೀಗೇ ಓಡಾಡುತ್ತವೆ. ಆ ಮಣ್ಣಲ್ಲೇ ವರ್ಷಾನುಗಟ್ಟಲೆ ಬದುಕಿದ ಗಿಡ, ಸಾಯುವುದು ಅಪರೂಪ. ಅಕ್ಕಾ, ಒಂದು ಕಡ್ಡಿ ಕೊಡ್ತೀರಾ ಅಂತ ಕೇಳಲು ಸಂಕೋಚ ಬೇಡ, ಕೇಳಿದರೆ ಅವರಿಗೂ ಖುಷಿ.

ಕಾಡಿನಿಂದ ಮಾತ್ರ ಏನೂ ಕೀಳಬೇಡಿ. ಸೀತಾಳೆ ದಂಡೆ, ಅಂದರೆ ಕಾಡಿನ ಆರ್ಕಿಡ್, ಮರದ ಮೇಲೆ ಅರಳಿದಾಗ ಆಸೆ ಆಗುತ್ತದೆ ನಿಜ. ಅರಣ್ಯದಿಂದ ಕೀಳುವುದು ಅಪರಾಧ, ಅದೂ ಅಲ್ಲದೆ ಕಿತ್ತು ತಂದದ್ದು ಪಟ್ಟಣದ ಬಾಲ್ಕನಿಯಲ್ಲಿ ಉಳಿಯುವುದು ಕಷ್ಟ. ನರ್ಸರಿಯಲ್ಲಿ ಬೆಳೆಸಿದ ಆರ್ಕಿಡ್ ಸಿಗುತ್ತದೆ, ಅದನ್ನು ತನ್ನಿ.

ಈಗ ಮಳೆ ಕಡೆ, ಬಯಲು ಕಡೆ ಅನ್ನುವ ಲೆಕ್ಕಕ್ಕೆ ಬರೋಣ. ಬೋಗನ್‌ವಿಲ್ಲಾ ಬಿಸಿಲು, ಒಣ ಮಣ್ಣು ಸಿಕ್ಕರೆ ಹೂ ಸುರಿಸುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಕಾಂಪೌಂಡಿಗೆ ಹೇಳಿ ಮಾಡಿಸಿದ್ದು. ಸಕಲೇಶಪುರದಲ್ಲಿ ಮಳೆಗಾಲವೆಲ್ಲಾ ಬರೀ ಎಲೆ. ಅಡೇನಿಯಂ ಕೂಡ ಹಾಗೇ, ಮಳೆಗೆ ಬಿಟ್ಟರೆ ಗೆಡ್ಡೆ ಕೊಳೆಯುತ್ತದೆ. ಗುಲಾಬಿ ಹಾಸನ ಪಟ್ಟಣದಲ್ಲಿ ಚೆನ್ನಾಗಿ ಬರುತ್ತದೆ, ಮಳೆಗಾಲದಲ್ಲಿ ಎಲೆಗೆ ಕಪ್ಪು ಚುಕ್ಕೆ ರೋಗ ಬರುತ್ತದೆ, ಮಳೆ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಸವರಿದರೆ ಡಿಸೆಂಬರ್‌ಗೆ ಮತ್ತೆ ಹೂ. ಮಲೆನಾಡು ಕಡೆಗೆ ಆಂಥೂರಿಯಂ, ಜರಿಗಿಡ, ಬಿಗೋನಿಯಾ, ಹೈಡ್ರೇಂಜಿಯಾ. ಆಂಥೂರಿಯಂಗೆ ಬರೀ ಮಣ್ಣು ಬೇಡ, ತೆಂಗಿನ ಸಿಪ್ಪೆ ಚೂರು, ಇಟ್ಟಿಗೆ ಚೂರು, ಇದ್ದಿಲು ಬೆರೆಸಿ ನೆರಳಲ್ಲಿಡಿ.

ಹೈಡ್ರೇಂಜಿಯಾ ಬಗ್ಗೆ ಒಂದು ಮಾತು. ಅದೇ ಗಿಡ ಹುಳಿ ಮಣ್ಣಿನಲ್ಲಿ ನೀಲಿ ಹೂ ಬಿಡುತ್ತದೆ, ಕ್ಷಾರ ಮಣ್ಣಿನಲ್ಲಿ ಗುಲಾಬಿ ಬಣ್ಣ. ಮಲೆನಾಡಿನ ಮಣ್ಣು ಮಳೆಗೆ ತೊಳೆದು ತೊಳೆದು ಹುಳಿಯಾಗಿದೆ, ಅದಕ್ಕೇ ತೋಟದ ಬಂಗಲೆಗಳ ಮುಂದೆ ನೀಲಿ ಗೊಂಚಲು. ನರ್ಸರಿಯಲ್ಲಿ ಗುಲಾಬಿ ಬಣ್ಣ ನೋಡಿ ತಂದು, ಮೂಡಿಗೆರೆಯಲ್ಲಿ ನೀಲಿಯಾದರೆ ಮೋಸ ಹೋದೆವು ಅಂದುಕೊಳ್ಳಬೇಡಿ. ಗುಲಾಬಿಯೇ ಬೇಕು ಅಂದರೆ ಬುಡಕ್ಕೆ ಸ್ವಲ್ಪ ಸುಣ್ಣ ಹಾಕಿ.

ತಾರಸಿ ಮೇಲೆ ತೋಟ ಮಾಡುವವರು ಭಾರ ನೋಡಿ. ಒಂದು ಘನ ಅಡಿ ಒದ್ದೆ ಮಣ್ಣು 45 ಕಿಲೋಗಿಂತ ಜಾಸ್ತಿ ತೂಗುತ್ತದೆ. ಅರ್ಧಕ್ಕೆ ತೆಂಗಿನ ನಾರಿನ ಪುಡಿ ಬೆರೆಸಿದರೆ ಹಗುರ. ಅರಸೀಕೆರೆ, ಚನ್ನರಾಯಪಟ್ಟಣ ತೆಂಗಿನ ಸೀಮೆ, ನಾರಿನ ಪುಡಿಗೆ ದೂರ ಹೋಗಬೇಕಿಲ್ಲ. ಕೊಳೆಸಿದ ಕಾಫಿ ಸಿಪ್ಪೆ ಗೊಬ್ಬರ ಸಿಕ್ಕರೆ ಅದನ್ನೂ ತನ್ನಿ. ಹಸಿ ಸಿಪ್ಪೆ ಬೇಡ, ಕೊಳೆಯುವಾಗ ಬಿಸಿ ಏರಿ ಬೇರು ಸುಡುತ್ತದೆ.

ಕೆಮ್ಮಣ್ಣುಗುಂಡಿ, ಫಲಪುಷ್ಪ ಪ್ರದರ್ಶನ

ಕೆಮ್ಮಣ್ಣುಗುಂಡಿಯ ತೋಟ ತೋಟಗಾರಿಕೆ ಇಲಾಖೆಯದು, ಸಮುದ್ರಮಟ್ಟದಿಂದ 1400 ಮೀಟರ್‌ಗಿಂತ ಮೇಲೆ. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೂವಿನ ಮಡಿ ಹೇಗೆ ಮಾಡಿದ್ದಾರೆ ಅನ್ನುವುದು ನೋಡುವಂಥದ್ದು. ಮನೆ ಇಳಿಜಾರಿನಲ್ಲಿದ್ದರೆ ಹೋಗಿ. ಸಮತಟ್ಟಾದ ಸೈಟಿನವರಿಗೆ ಅದು ಪ್ರವಾಸ ಅಷ್ಟೇ, ಅಲ್ಲಿನ ತಂಪಿನಲ್ಲಿ ಬರುವ ಹೂ ಕೆಳಗೆ ಬರುವುದಿಲ್ಲ.

ಪಟ್ಟಣದಲ್ಲಿ ಇಲಾಖೆ ನಡೆಸುವ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ದೊಡ್ಡ ಹೂವಿನ ಆಕೃತಿಗಳ ಮುಂದೆ ಫೋಟೋ ತೆಗೆದು ಬರಬೇಡಿ. ಕುಂಡದ ಸ್ಪರ್ಧೆಗೆ ಇಟ್ಟ ಗಿಡಗಳ ಸಾಲಿಗೆ ಹೋಗಿ. ಅದು ಇದೇ ಊರಿನ ಮನೆಯವರು ಇದೇ ನೀರು, ಇದೇ ಗಾಳಿಯಲ್ಲಿ ಬೆಳೆಸಿದ್ದು.

ಫೋನಿನ ಚಿತ್ರಗಳು

ಬಣ್ಣದ ಜೋಡಣೆಗೆ ಒಳ್ಳೆಯದು. ಆಚಾರ್ರಿಗೆ, ಪೇಂಟರ್‌ಗೆ ಬಾಯಲ್ಲಿ ಹೇಳುವ ಬದಲು ತೋರಿಸಲು ಒಳ್ಳೆಯದು. ಅದಕ್ಕಿಂತ ಮುಂದೆ ಬೇಡ. ಬಿಳಿ ಗೋಡೆ, ಬಿಳಿ ಸೋಫಾ, ನೆಲಕ್ಕೆ ದಪ್ಪ ಕಾರ್ಪೆಟ್ ಇರುವ ಚಿತ್ರ ಯಾವುದೋ ಒಣ ದೇಶದ್ದು. ನಮ್ಮ ಕೆಂಪು ಮಣ್ಣಿನ ಕಾಲು, ಜೂನ್ ತಿಂಗಳ ಒದ್ದೆ ಕೊಡೆ ಅದರಲ್ಲಿ ಇಲ್ಲ.

ಬಾಡಿಗೆ ಮನೆಯವರಿಗೆ

ಗೋಡೆ ಮುಟ್ಟುವ ಹಾಗಿಲ್ಲ, ನೆಲ ಬದಲಿಸುವ ಹಾಗಿಲ್ಲ. ಆದರೂ ಬೇಜಾರು ಬೇಡ. ನಿಮಗೆ ಬಂಗಲೆಗಿಂತ, ಶೋರೂಮಿಗಿಂತ ನೆರೆಹೊರೆಯ ಗಿಡ, ಒಂದು ಕಾಫಿ ಬೊಡ್ಡೆ, ಒಂದು ಹಿತ್ತಾಳೆ ತೂಗುದೀಪ, ಒಂದು ಬೆತ್ತದ ಕುರ್ಚಿ ಸಾಕು. ಕುಂಡಗಳನ್ನು ಹಗುರವಾದದ್ದೇ ತನ್ನಿ. ಮಣ್ಣಿನ ಕುಂಡ ಗಿಡಕ್ಕೆ ಒಳ್ಳೆಯದು, ಬೇರಿಗೆ ಗಾಳಿ ಸಿಗುತ್ತದೆ. ಆದರೆ ಮನೆ ಬದಲಿಸುವಾಗ ಲಾರಿಯಲ್ಲಿ ಅರ್ಧ ಒಡೆಯುತ್ತವೆ. ಬಿಸಿಲು ಜಾಸ್ತಿ ಇರುವ ಬಯಲು ಕಡೆ ಮಣ್ಣಿನ ಕುಂಡದಲ್ಲಿ ನೀರು ಬೇಗ ಆರುತ್ತದೆ, ಅಲ್ಲಿ ಪ್ಲಾಸ್ಟಿಕ್ ಕುಂಡವೇ ಅನುಕೂಲ. ಮಳೆ ಕಡೆ ಮಣ್ಣಿನದೇ ಸರಿ.

ಯಾವಾಗ ಹೊರಡಬೇಕು

ಡೇರೆ ಗೆಡ್ಡೆ ಕೇಳಲು ಮೇ ಕೊನೆಗೆ ಹೋಗಿ, ಆಮೇಲೆ ಎಲ್ಲರೂ ನೆಟ್ಟು ಮುಗಿಸಿರುತ್ತಾರೆ. ಬಂಗಲೆಗೆ ಜುಲೈ ಅಂತ ಆಗಲೇ ಹೇಳಿದೆ, ಘಟ್ಟದ ರಸ್ತೆ ತೆರೆದಿದೆಯಾ ಅಂತ ವಿಚಾರಿಸಿಕೊಂಡು ಹೊರಡಿ. ಬೇಲೂರು, ಹಳೇಬೀಡಿಗೆ ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ, ಓರೆ ಬಿಸಿಲಿನಲ್ಲಿ ಮಾತ್ರ ಕೆತ್ತನೆಯ ಆಳ ಕಾಣುತ್ತದೆ, ಮಧ್ಯಾಹ್ನ ಎಲ್ಲಾ ಚಪ್ಪಟೆ. ಹಳೇಬೀಡಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ದೀಪಾವಳಿ ಹೊತ್ತಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಹಾಸನ ಪಟ್ಟಣದ ಅಂಗಡಿಗೆ ಕಾರು ತಗೊಂಡು ಬರಬೇಡಿ, ನಿಲ್ಲಿಸಲು ಜಾಗ ಸಿಗುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ತೋಟದ ಮನೆಯವರಿಗೆ ಆಗ ಪುರುಸೊತ್ತು ಇರುವುದಿಲ್ಲ, ಮನೆ ನೋಡಲು ಹೋಗುವುದಾದರೆ ಮೊದಲೇ ಫೋನ್ ಮಾಡಿ, ಕಾಫಿ ಒಣಹಾಕಿದ ಕಣದ ಮೇಲೆ ಕಾರು ಹತ್ತಿಸಬೇಡಿ.